ಕೆಟ್ಟ ಸುದ್ದಿಗೆ ಎಷ್ಟು ಮಾರ್ಕ್ಸು?

ಹೋದ ವಾರ ಈ ಅಂಕಣಕ್ಕೆ ಚಕ್ಕರ್ ಹೊಡೆದೆ, ಕ್ಷಮೆ ಇರಲಿ. ಕಾರಣ ಆಫೀಸು. ಊರಿಗೆ ಹೋದಾಗಲೆಲ್ಲ "ಅಲ್ಲಿ ಏನು ಕೆಲಸ ಮಾಡ್ತೀಯಪ್ಪ?" ಅಂತ ಯಾರಾದರೂ ಕೇಳಿಯೇ ಕೇಳ್ತಾರೆ, "ಸಾಫ್ಟ್‌ವೇರು" ಅಂತ ಒಂದೇ ಮಾತಿನಲ್ಲಿ ತಪ್ಪಿಸಿಕೊಂಡು ಬಿಡ್ತೀನಿ. ಇವತ್ತು ಸ್ವಲ್ಪ ಬಿಡಿಸಿ ಹೇಳ್ತೀನಿ. ಯಾಕಂದ್ರೆ ಹೋದ ವಾರ ಆ ಕೆಲಸವೇ ನನ್ನ ನಿದ್ದೆ ಕೆಡಿಸಿತ್ತು.

ನಾನಿರೋದು ಡೆಟ್ರಾಯಿಟ್ ಪಕ್ಕದ ಒಂದು ಊರಿನಲ್ಲಿ. ಇಲ್ಲಿ ಯಾರ ಮನೆ ಪೂಜೆಗೆ ಹೋದರೂ ಪ್ರಸಾದದ ತಟ್ಟೆ ಹಿಡಿದುಕೊಂಡು ಬ್ರೇಕು, ಗೇರುಬಾಕ್ಸು ಅಂತ ಮಾತಾಡೋರು ನಾಲ್ಕು ಜನ ಸಿಕ್ತಾರೆ. ಇಲ್ಲಿಗೆ ಬರೋ ಮುಂಚೆ ಕಾರು ಕಂಪನಿ ಅಂದ್ರೆ ಒಂದು ಕಡೆ ಕಬ್ಬಿಣ ಹಾಕಿದ್ರೆ ಇನ್ನೊಂದು ಕಡೆ ಕಾರು ಬರುತ್ತೆ ಅಂದುಕೊಂಡಿದ್ದೆ. ಅಸಲಿ ಕಥೆ ಬೇರೆ. ಕಾರಿನಲ್ಲಿರೋ ಸಾವಿರಾರು ಬಿಡಿಭಾಗಗಳಲ್ಲಿ ಬಹುಪಾಲು ಹೊರಗಿನಿಂದ ಬರುತ್ತೆ. ಸೀಟು ಒಬ್ಬರದ್ದು, ಸೀಟಿನೊಳಗಿನ ಮೋಟಾರು ಇನ್ನೊಬ್ಬರದ್ದು, ಮೋಟಾರಿನೊಳಗಿನ ಬುಷ್ ಮತ್ತೊಬ್ಬರದ್ದು. ಮೇಲೆ ಹೆಸರು ಹಚ್ಚೋರು ಮಾತ್ರ ಕಾರು ಕಂಪನಿಯವರು. ಹಾಗಾಗಿ ಆ ಕಾರಿನ ಗುಣಮಟ್ಟ ಅನ್ನೋದು ಎಲ್ಲೋ ಒಂದು ಹಳ್ಳಿಯಲ್ಲಿ ಎರಡನೇ ಶಿಫ್ಟಿನಲ್ಲಿ ಲೇತ್ ಮುಂದೆ ನಿಂತವನ ಕೈಯಲ್ಲಿರುತ್ತೆ.

ಅವನ ಕೈ ಹಿಡಿದಿಟ್ಟುಕೊಳ್ಳೋಕೆ ಇಲ್ಲಿ ನೂರೆಂಟು ಕ್ರಮಗಳಿವೆ. ಇಲ್ಲೇ ಸೌತ್‌ಫೀಲ್ಡ್‌ನಲ್ಲಿ ಎಐಎಜಿ ಅಂತ ಒಂದು ಸಂಸ್ಥೆ ಇದೆ, ಫೋರ್ಡ್, ಜಿಎಂ, ಕ್ರೈಸ್ಲರ್ ಮೂವರೂ ಸೇರಿ 1982ರಲ್ಲಿ ಹುಟ್ಟುಹಾಕಿದ್ದು. ಈ ಉದ್ಯಮದ ಕೈಪಿಡಿಗಳೆಲ್ಲ ಅವರವೇ. ಹೊಸ ಪಾರ್ಟ್ ಶುರು ಮಾಡೋ ಮೊದಲು ಪಿಪಿಎಪಿ ಅಂತ ಒಂದು ದಪ್ಪ ಕಡತ ಕೊಡಬೇಕು, ಮದುವೆಗೆ ಮುಂಚೆ ಜಾತಕ ಕೊಟ್ಟ ಹಾಗೆ. ತಪ್ಪಾದರೆ 8ಡಿ ಅಂತ ಎಂಟು ಹಂತದ ತಪ್ಪೊಪ್ಪಿಗೆ ಬರೀಬೇಕು. ಇದೆಲ್ಲದರ ಕೊನೆಗೆ ಒಂದು ಸ್ಕೋರ್‌ಕಾರ್ಡು. ಹತ್ತು ಲಕ್ಷಕ್ಕೆ ಎಷ್ಟು ಕೆಟ್ಟ ಪೀಸು ಅನ್ನೋ ಲೆಕ್ಕ ಅದರಲ್ಲಿ ಮುಖ್ಯ, ಅದಕ್ಕೆ ಪಿಪಿಎಂ ಅಂತಾರೆ. ಹಸಿರು ಬಂದ್ರೆ ಜಾಣ, ಹಳದಿ ಬಂದ್ರೆ ಹುಷಾರು, ಕೆಂಪು ಬಂದ್ರೆ ಹೊಸ ಆರ್ಡರಿಗೆ ಅವನ ಹತ್ರ ಕೊಟೇಶನ್ನೇ ಕೇಳೋಲ್ಲ.

ಆ ಬಣ್ಣ ಹಚ್ಚೋ ಸಾಫ್ಟ್‌ವೇರು ಬರೆಯೋದು ನಾವು. ಅದರೊಳಗಿನ ಲೆಕ್ಕದ ಭಾಗ ಬರೆದವನು ನಾನು.

ಹೋದ ವಾರ ಸಪೋರ್ಟ್ ಡ್ಯೂಟಿ ನನ್ನ ಪಾಲಿಗೆ ಬಂದಿತ್ತು. ಸೋಮವಾರ ಬೆಳಿಗ್ಗೆ ಒಂದು ಫೋನು. ಮೂವತ್ತು ಜನರ ಒಂದು ಸಣ್ಣ ಕಾರ್ಖಾನೆಯ ಮಾಲೀಕ, ಎಪ್ಪತ್ತು ದಾಟಿದ ಅಜ್ಜ. ಕೂಗಾಡಲಿಲ್ಲ, ಅದೇ ಕಷ್ಟ ಆಗಿದ್ದು. "ಮಗಾ, ನಿಮ್ಮ ಸಿಸ್ಟಮ್ ನನಗೆ ಕೆಂಪು ಕೊಟ್ಟಿದೆ. ತಪ್ಪು ಹೇಳಿದ್ದು ನಾನೇ, ಕೆಂಪೂ ನನಗೇನಾ?" ಅಂದರು.

ನಡೆದದ್ದು ಇಷ್ಟು. ಅವರು 6,000 ಪಿನ್ನುಗಳ ಒಂದು ಲಾಟ್ ಕಳಿಸಿದ್ದಾರೆ. ಟ್ರಕ್ ಹೋದ ಮೇಲೆ ಮುಂದಿನ ಶಿಫ್ಟಿನ ಹುಡುಗ ನೋಡ್ತಾನೆ, ಟೂಲಿನ ತುದಿ ಚಕ್ಕೆ ಎದ್ದಿದೆ. ಯಾವಾಗಿಂದ ಅಂತ ಗೊತ್ತಿಲ್ಲ. ಅಜ್ಜ ತಾವೇ ಸಿಸ್ಟಮ್ಮಿಗೆ ಹೋಗಿ, ಆ ಲಾಟ್ ಪೂರ್ತಿ ತಡೆಹಿಡೀರಿ, ನಮ್ಮ ಜನ ಬಂದು ಆರಿಸಿ ಕೊಡ್ತಾರೆ ಅಂತ ಬರೆದರು. ಅವರ ಹುಡುಗರು ಹೋಗಿ ಎರಡು ದಿನ ಕೂತು ಆರಿಸಿದರು. ಕೆಟ್ಟದ್ದು ಸಿಕ್ಕಿದ್ದು ಎರಡೇ ಪೀಸು. ಒಂದೂ ಕಾರಿಗೆ ಹೋಗಲಿಲ್ಲ.

ನನ್ನ ಲೆಕ್ಕ ಏನು ಮಾಡಿತು ಗೊತ್ತಾ? 'ತಡೆಹಿಡಿದ' ಆರು ಸಾವಿರವನ್ನೂ 'ಕೆಟ್ಟ' ಅಂತಲೇ ಎಣಿಸಿತು. ಆ ತಿಂಗಳು ಅವರು ಕಳಿಸಿದ್ದು ಒಟ್ಟು 24,000. ಅಂದ್ರೆ ಹತ್ತು ಲಕ್ಷಕ್ಕೆ ಎರಡೂವರೆ ಲಕ್ಷ ಕೆಟ್ಟದ್ದು! ಕೆಂಪು ಬಾರದೆ ಇನ್ನೇನು? ಅದೇ ಪಟ್ಟಿಯಲ್ಲಿ ಇನ್ನೊಬ್ಬ ಸಪ್ಲೈಯರ್ ಇದ್ದ, ಅವನೂ ಕಳಿಸಿದ್ದು ಅಷ್ಟೇ. ಅವನ ಮೂರು ಕೆಟ್ಟ ಪೀಸು ಗಿರಾಕಿಯ ಅಸೆಂಬ್ಲಿ ಲೈನಿನಲ್ಲಿ ಸಿಕ್ಕಿಬಿದ್ದಿದ್ವು, ಅವನು ಬಾಯಿ ಬಿಟ್ಟಿರಲಿಲ್ಲ. ಅವನಿಗೆ 125 ಪಿಪಿಎಂ, ಹಳದಿ. ಹೇಳಿದವನು ಫೇಲು, ಮುಚ್ಚಿಟ್ಟವನು ಪಾಸು.

ಇಷ್ಟೇ ಆಗಿದ್ರೆ ಬಗ್ ಅಂತ ಟಿಕೆಟ್ ಹಾಕಿ ಸುಮ್ಮನಾಗ್ತಿದ್ದೆ. ಆದ್ರೆ ಅಜ್ಜನ ಪುಟ ನೋಡ್ತಾ ಕೆಳಗೆ ಹೋದರೆ 'ಸಲಹೆಗಳು' ಅನ್ನೋ ಜಾಗದಲ್ಲಿ ಅವರದ್ದೊಂದು ಫೈಲು. ಅದೇ ಪಿನ್ನಿನ ಬಗ್ಗೆ. ದಪ್ಪ ಸರಳು ತಗೊಂಡು ಅರ್ಧ ಲೋಹ ಕೆತ್ತಿ ಬಿಸಾಕೋ ಬದಲು, ತಣ್ಣಗಿನ ತಂತಿಯನ್ನೇ ಅಚ್ಚಿಗೆ ಹೊಡೆದು ಆಕಾರ ಕೊಡಬಹುದು, ಲೋಹ ಉಳಿಯುತ್ತೆ, ಪಿನ್ನೂ ಗಟ್ಟಿ ಆಗುತ್ತೆ ಅಂತ ಕೈಯಲ್ಲಿ ಚಿತ್ರ ಬಿಡಿಸಿ ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಎಷ್ಟು ಜನ ತೆರೆದು ನೋಡಿದ್ದಾರೆ? ಸೊನ್ನೆ. ಇನ್ನು ನೋಡೋದೂ ಇಲ್ಲ, ಯಾಕಂದ್ರೆ ಕೆಂಪು ಬಂದವರ ಸಲಹೆಗಳನ್ನ ಗಿರಾಕಿಯ ಇಂಜಿನಿಯರುಗಳ ಪರದೆಯಿಂದ ನಮ್ಮ ಸಿಸ್ಟಮ್ಮೇ ತೆಗೆದುಹಾಕುತ್ತೆ. ಆ ಫಿಲ್ಟರೂ ನಂದೇ!

ಆವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪನದ್ದು ಪೀಣ್ಯ ಎರಡನೇ ಹಂತದಲ್ಲಿ ಒಂದು ಶೆಡ್ಡು. ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಆಮೇಲೆ ಸಾಲ ಮಾಡಿ ತಂದ ಒಂದು ಸಿಎನ್‌ಸಿ. ನನ್ನ ಇಂಜಿನಿಯರಿಂಗ್ ಫೀಸು ಬಂದಿದ್ದು ಅಲ್ಲಿಂದಲೇ. ಅಜ್ಜನ ಕಥೆ ಹೇಳಿದೆ. ಅಪ್ಪ ನಗ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಯಜಮಾನರು ದೊಡ್ಡೋರು ಕಣೋ. ನಾನು ಹಂಗೆ ಮಾಡ್ಲಿಲ್ಲ" ಅಂದ್ರು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗಿನ ಮಾತು. ಅಪ್ಪ ಒಂದು ಕಂಪನಿಗೆ ನೀರಿನ ಪಂಪಿನ ಬುಷ್ ಮಾಡಿ ಕೊಡ್ತಿದ್ರು. ಒಂದು ಸಲ ತೂತು ಸ್ವಲ್ಪ ದೊಡ್ಡದಾಗಿದೆ ಅಂತ ಅವರೇ ಹೋಗಿ ಹೇಳಿದ್ರಂತೆ. ಆ ಕಂಪನಿಯವರು ಥ್ಯಾಂಕ್ಸ್ ಹೇಳಲಿಲ್ಲ. ಲಾಟ್ ಪೂರ್ತಿ ರಿಜೆಕ್ಟು, ಡೆಬಿಟ್ ನೋಟು, ಲೈನ್ ನಿಂತಿದ್ದಕ್ಕೆ ದಂಡ, ಹಳೇ ಬಿಲ್ಲುಗಳಿಗೂ ಮೂರು ತಿಂಗಳು ತಡೆ. ಆ ಯುಗಾದಿಗೆ ನಮಗೆ ಹೊಸ ಬಟ್ಟೆ ಇರಲಿಲ್ಲ, ಅದು ನನಗೂ ನೆನಪಿದೆ. ಕಾರಣ ಗೊತ್ತಿರಲಿಲ್ಲ ಅಷ್ಟೇ.

"ಮುಂದಿನ ವರ್ಷ ಅದೇ ತಪ್ಪು ಮತ್ತೆ ಆಯ್ತು. ಸಾಯಂಕಾಲ ಗೇಜ್ ಹಾಕಿದ್ರೆ ಲೂಸು. ನೂರಿನ್ನೂರು ಪೀಸು ಇರ್ಬೋದು. ಒಳ್ಳೇ ಲಾಟಿನ ಮಧ್ಯೆ ಸೇರಿಸಿ ಕಳಿಸ್ಬಿಟ್ಟೆ."

"ಆಮೇಲೆ ಏನಾಯ್ತಪ್ಪ?"

"ಏನೂ ಆಗ್ಲಿಲ್ಲ. ವಾಪಸ್ ಬರ್ಲಿಲ್ಲ. ಅದೇ ನೋಡು... ಯಾವ ಊರಲ್ಲಿ ಯಾವ ರೈತನ ಪಂಪು ಬೇಸಿಗೇಲಿ ಕೈಕೊಡ್ತೋ, ಯಾರಿಗ್ಗೊತ್ತು."

ಅಂಗಡಿಯವನು ತಪ್ಪಿ ಹತ್ತು ರೂಪಾಯಿ ಜಾಸ್ತಿ ಚಿಲ್ಲರೆ ಕೊಟ್ರೆ ನನ್ನನ್ನ ವಾಪಸ್ ಕಳಿಸ್ತಿದ್ದ ಮನುಷ್ಯ ಇವರು. ಏನು ಹೇಳಬೇಕೋ ತೋಚಲಿಲ್ಲ. ಅಪ್ಪನೇ ಮಾತು ಮುಂದುವರಿಸಿದ್ರು. ಅದೇ ಕಾಲಕ್ಕೆ ಇನ್ನೊಂದು ಗಿರಾಕಿ ಇದ್ದರಂತೆ. ಅಲ್ಲಿಯೂ ರಿಜೆಕ್ಷನ್ ಬಂದಾಗ ಆ ಕಂಪನಿಯವರು ದಂಡದ ಚೀಟಿ ಕಳಿಸೋ ಬದಲು ಒಬ್ಬ ಹುಡುಗ ಇಂಜಿನಿಯರನ್ನ ಕಳಿಸಿದ್ರು. ಅವನು ಮೂರು ದಿನ ಶೆಡ್ಡಿನಲ್ಲೇ ಸ್ಟೂಲ್ ಹಾಕ್ಕೊಂಡು ಕೂತ. ಪ್ರತಿ ಇಪ್ಪತ್ತು ಪೀಸಿಗೊಂದು ಅಳೆದು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟ. ಮಧ್ಯಾಹ್ನ ಊಟದ ಹೊತ್ತು ಮಷೀನ್ ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಅಳತೆ ಓಡಿಹೋಗ್ತಿತ್ತು, ತಣ್ಣಗಾದ ಮಷೀನು ಬಿಸಿಯಾಗೋವರೆಗೆ. ಊಟದ ನಂತರದ ಮೊದಲ ಹತ್ತು ನಿಮಿಷ ಸುಮ್ಮನೆ ಓಡಿಸಿ ಆಮೇಲೆ ಪೀಸ್ ಹಾಕಿ ಅಂದ. ಅಲ್ಲಿಗೆ ರಿಜೆಕ್ಷನ್ ನಿಂತೇಹೋಯ್ತು.

"ಮೂರನೇ ದಿನ ಅವನಿಗೆ ಕಾಫಿ ಕೊಡ್ತಾ ಹೇಳ್ದೆ, ಈ ಬುಷ್ಷಿಗೆ ಒಳಗಡೆ ಎರಡು ಗ್ರೂವ್ ಯಾಕಪ್ಪ, ಒಂದೇ ಉದ್ದಕ್ಕೆ ಸುತ್ತಿಸಿದ್ರೆ ಎಣ್ಣೆ ಚೆನ್ನಾಗಿ ಹರಿಯುತ್ತೆ, ನಮಗೂ ಒಂದು ಆಪರೇಷನ್ ಉಳಿಯುತ್ತೆ ಅಂತ. ಬರ್ಕೊಂಡು ಹೋದ. ನಾಲ್ಕು ತಿಂಗಳಿಗೆ ಹೊಸ ಡ್ರಾಯಿಂಗ್ ಬಂತು ನೋಡು!" ಅಪ್ಪನ ದನಿಯಲ್ಲಿ ಇವತ್ತಿಗೂ ಆ ಖುಷಿ ಇತ್ತು.

ಮೊದಲನೇ ಗಿರಾಕಿಗೆ ಯಾಕೆ ಇಂಥ ಐಡಿಯಾ ಕೊಡಲಿಲ್ಲ ಅಂತ ಕೇಳಿದೆ. "ಅವರ ಹತ್ರ ಬಾಯಿ ಬಿಡೋಕೆ ಭಯ ಕಣೋ" ಅಂದ್ರು.

ಫೋನಿಟ್ಟ ಮೇಲೂ ಅದೇ ತಲೆಯಲ್ಲಿ ಸುತ್ತುತ್ತಿತ್ತು. ನಮ್ಮ ಉದ್ಯಮದಲ್ಲಿ ಗುಣಮಟ್ಟಕ್ಕೆ ಒಂದು ಇಲಾಖೆ, ಹೊಸತನಕ್ಕೆ ಬೇರೆಯದೇ ಇಲಾಖೆ. ಗುಣಮಟ್ಟ ಅಂದ್ರೆ ಶಿಸ್ತು, ಹೊಸತನ ಅಂದ್ರೆ ಸ್ವಾತಂತ್ರ್ಯ, ಎರಡಕ್ಕೂ ಆಗಿಬರೋಲ್ಲ ಅನ್ನೋ ಮಾತೂ ಉಂಟು. ಅಪ್ಪನ ಶೆಡ್ಡಿನ ಲೆಕ್ಕದಲ್ಲಿ ಎರಡೂ ಒಂದೇ ಬಾಯಿಂದ ಬರೋವು. ಕೆಟ್ಟ ಸುದ್ದಿ ಹೇಳೋಕೆ ಭಯ ಇರೋ ಕಡೆ ಒಳ್ಳೇ ಐಡಿಯಾ ಕೂಡ ಬಾಯೊಳಗೇ ಉಳಿಯುತ್ತೆ.

ಇದು ಬರೀ ಪೀಣ್ಯದ ಕಥೆಯಾ ಅಂತ ವಾರಾಂತ್ಯ ಕೂತು ಓದಿದೆ. ದೂರ ಹೋಗಬೇಕಿರಲಿಲ್ಲ, ಎಲ್ಲ ನಮ್ಮ ಡೆಟ್ರಾಯಿಟ್ ಸುತ್ತಲೇ ನಡೆದದ್ದು.

ಕ್ರೈಸ್ಲರ್ ಆಫೀಸು ಆಬರ್ನ್ ಹಿಲ್ಸ್‌ನಲ್ಲಿದೆ. 1980ರ ದಶಕದ ಕೊನೆಯಲ್ಲಿ ಆ ಕಂಪನಿ ಕಷ್ಟದಲ್ಲಿತ್ತು. ಆಗ ಅವರು ಸಪ್ಲೈಯರುಗಳಿಗೆ ಬರೀ ರೇಟ್ ಇಳಿಸಿ ಅನ್ನೋದು ಬಿಟ್ಟು, ನಮ್ಮ ಯಾವ ನಿಯಮ, ಯಾವ ಡಿಸೈನ್ ನಿಮಗೆ ದಂಡ ಅನ್ನಿಸುತ್ತೆ ಹೇಳಿ, ಉಳಿದ ದುಡ್ಡು ಇಬ್ಬರೂ ಹಂಚಿಕೊಳ್ಳೋಣ ಅಂದ್ರು. ಸ್ಕೋರ್ ಅಂತಲೇ ಆ ಯೋಜನೆಯ ಹೆಸರು. ನಮ್ಮ ಸ್ಕೋರ್‌ಕಾರ್ಡಿಗೂ ಅದಕ್ಕೂ ಸಂಬಂಧ ಇಲ್ಲ ಬಿಡಿ. 1995ರ ಕೊನೆಯ ಹೊತ್ತಿಗೆ ಜಾರಿಗೆ ಬಂದ ಸಲಹೆಗಳು 5,300, ಕ್ರೈಸ್ಲರಿಗೆ ವರ್ಷಕ್ಕೆ ಉಳಿತಾಯ 170 ಕೋಟಿ ಡಾಲರಿಗೂ ಹೆಚ್ಚು. ಹೊಸ ಕಾರು ರೂಪಿಸೋಕೆ ಹಿಡೀತಿದ್ದ ಕಾಲವೂ ಕಡಿಮೆ ಆಯ್ತು, ಯಾಕಂದ್ರೆ ಬಿಡಿಭಾಗ ಮಾಡೋನು ಮೊದಲ ದಿನದಿಂದಲೇ ಜೊತೆಗೆ ಕೂತಿರ್ತಿದ್ದ. 1998ರಲ್ಲಿ ಕಂಪನಿ ಜರ್ಮನಿಯ ಡೈಮ್ಲರ್ ಜೊತೆ ಸೇರಿತು. 2001ರ ಜನವರಿಗೆ ಎಲ್ಲ ಸಪ್ಲೈಯರುಗಳೂ ಶೇಕಡಾ 5 ಬೆಲೆ ಇಳಿಸಬೇಕು ಅಂತ ಕಾಗದ ಹೋಯ್ತು. ಹತ್ತು ವರ್ಷ ಕಟ್ಟಿದ ನಂಬಿಕೆಗೆ ಒಂದು ಕಾಗದ ಸಾಕಾಯ್ತು.

ಇನ್ನೊಂದು ಜಿಎಂ ಕಥೆ. ಇದು ಸಾಫ್ಟ್‌ವೇರ್ ಹುಡುಗರು ಓದಲೇಬೇಕಾದದ್ದು. ಷೆವರ್ಲೆ ಕೊಬಾಲ್ಟ್ ಮೊದಲಾದ ಕಾರುಗಳ ಇಗ್ನಿಶನ್ ಸ್ವಿಚ್ಚು, ಮಾಡಿ ಕೊಡ್ತಿದ್ದದ್ದು ಡೆಲ್ಫಿ. ಕೀ ತಿರುಗಿಸೋಕೆ ಬೇಕಾದಷ್ಟು ಬಿಗಿ ಇಲ್ಲ, ಡ್ರಾಯಿಂಗಿನಲ್ಲಿರೋ ಅಳತೆಗಿಂತ ಸಡಿಲ ಅನ್ನೋದು ಪರೀಕ್ಷೆಯಲ್ಲೇ ಗೊತ್ತಾಗಿತ್ತು. ಆದರೂ 2002ರಲ್ಲಿ ಜಿಎಂ ಕಡೆಯಿಂದ ಒಪ್ಪಿಗೆ ಸಿಕ್ಕಿತು. ರಸ್ತೆಯಲ್ಲಿ ಒಂದು ಕುಲುಕಾಟಕ್ಕೆ, ಕೀ ಗೊಂಚಲಿನ ಭಾರಕ್ಕೆ ಸ್ವಿಚ್ಚು ಜಾರಿ ಇಂಜಿನ್ ಆಫ್ ಆಗೋದು, ಆಫ್ ಆದರೆ ಏರ್‌ಬ್ಯಾಗೂ ಬಿಚ್ಚಿಕೊಳ್ಳೋಲ್ಲ. 2006ರಲ್ಲಿ ಸ್ವಿಚ್ಚನ್ನ ಸದ್ದಿಲ್ಲದೆ ಗಟ್ಟಿ ಮಾಡಿದರು, ಆದರೆ ಪಾರ್ಟ್ ನಂಬರ್ ಬದಲಾಯಿಸಲಿಲ್ಲ! ವರ್ಷನ್ ನಂಬರ್ ಬದಲಿಸದೆ ಕೋಡ್ ಬದಲಿಸಿದ ಹಾಗೆ. ಹಳೇ ಕಾರು ಕೆಡುತ್ತೆ, ಹೊಸದು ಕೆಡೋಲ್ಲ, ಪಾರ್ಟ್ ಮಾತ್ರ ಅದೇ, ಯಾಕೆ ಅಂತ ತನಿಖೆ ಮಾಡೋರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. 2014ರಲ್ಲಿ ಸುಮಾರು 26 ಲಕ್ಷ ಕಾರು ವಾಪಸ್ ಕರೆಸಿದರು. ಪರಿಹಾರ ನಿಧಿಯವರು ಒಪ್ಪಿಕೊಂಡ ಸಾವುಗಳೇ 124. ಪಿಪಿಎಪಿ, 8ಡಿ, ಎಲ್ಲ ಇದ್ದ ಉದ್ಯಮದಲ್ಲೇ ಇದು ನಡೆದದ್ದು. ಕಡತ ಇದ್ದರೆ ಸಾಲದು, ಕೆಟ್ಟ ಸುದ್ದಿ ಬಂದಾಗ ಕೈಯಲ್ಲಿನ ಪೆನ್ನು ಕೆಳಗಿಡೋ ಮನುಷ್ಯ ಬೇಕು.

ಇದಕ್ಕೆ ಎದುರಾಗಿ ಟೊಯೋಟಾದ ಹೆಸರು ಹೇಳದೆ ಯಾವ ಮ್ಯಾನೇಜ್‌ಮೆಂಟ್ ಪುಸ್ತಕವೂ ಮುಗಿಯೋಲ್ಲ. ಬಿಡದಿ ತಟ್ಟೆ ಇಡ್ಲಿಗೆ ನಿಂತವರಿಗೆಲ್ಲ ಗೊತ್ತಿರೋ ಟೊಯೋಟಾನೇ. ಅಲ್ಲಿ ತಪ್ಪು ಕಂಡ ಕೆಲಸಗಾರ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು ಅನ್ನೋದು ಎಲ್ಲರೂ ಕೇಳಿರೋ ವಿಷಯ. ಸಪ್ಲೈಯರುಗಳ ಜೊತೆಗಿನ ಸಂಬಂಧ ಹೇಗಿತ್ತು ಅನ್ನೋದು ಕಾಣೋದು 1997ರ ಫೆಬ್ರವರಿ 1ರಂದು. ಕರಿಯಾ ಊರಿನ ಐಸಿನ್ ಕಾರ್ಖಾನೆಗೆ ಬೆಂಕಿ ಬಿತ್ತು. ಬ್ರೇಕಿಗೆ ಬೇಕಾದ ಒಂದು ಸಣ್ಣ ವಾಲ್ವ್ ಟೊಯೋಟಾಕ್ಕೆ ಹೆಚ್ಚುಕಡಿಮೆ ಪೂರ್ತಿ ಅಲ್ಲಿಂದಲೇ ಬರ್ತಿತ್ತು, ಕೈಯಲ್ಲಿದ್ದ ಸ್ಟಾಕು ಏನೇನೂ ಸಾಲದು. ಜಪಾನಿನ ಲೈನುಗಳು ನಿಂತವು. ಆಗ ಸುಮಾರು ಇನ್ನೂರು ಕಂಪನಿಗಳು ಕೈಜೋಡಿಸಿದವು. ಐಸಿನ್ ತನ್ನ ಡ್ರಾಯಿಂಗುಗಳನ್ನ ಎಲ್ಲರಿಗೂ ಹಂಚಿತು. ಹೊಲಿಗೆ ಮಷೀನಿನ ಬ್ರದರ್ ಕಂಪನಿ ಕೂಡ ವಾಲ್ವ್ ಮಾಡೋಕೆ ಕೂತಿತು. ರೇಟು ಎಷ್ಟು ಅಂತ ಮೊದಲು ಯಾರೂ ಚೌಕಾಸಿ ಮಾಡಲಿಲ್ಲ. ಸುಮಾರು ಒಂದು ವಾರದಲ್ಲಿ ಲೈನುಗಳು ಮತ್ತೆ ಓಡಿದವು. ಒಬ್ಬೊಬ್ಬರದ್ದು ಒಂದೊಂದು ಮಷೀನು, ಹಾಗಾಗಿ ಮಾಡೋ ದಾರಿಯನ್ನೂ ಅವರವರೇ ಹೊಸದಾಗಿ ಹುಡುಕಿಕೊಂಡರು.

ಟೊಯೋಟಾ ಸತ್ಯಹರಿಶ್ಚಂದ್ರನ ಮನೆ ಅಂತ ನಾನು ಹೇಳ್ತಿಲ್ಲ. ಅದರದ್ದೇ ಅಂಗಸಂಸ್ಥೆ ಡೈಹಟ್ಸು 2023ರ ಡಿಸೆಂಬರಿನಲ್ಲಿ ತನ್ನೆಲ್ಲ ಕಾರುಗಳ ರವಾನೆ ನಿಲ್ಲಿಸಬೇಕಾಯ್ತು, ಸುರಕ್ಷತಾ ಪರೀಕ್ಷೆಗಳಲ್ಲಿ ದಶಕಗಳಿಂದ ಗೋಲ್‌ಮಾಲ್ ನಡೆದಿತ್ತು ಅಂತ. ಗಡುವಿನ ಒತ್ತಡದಲ್ಲಿ ಕೆಳಗಿನವರು ಆಗೋಲ್ಲ ಅಂತ ಹೇಳೋಕಾಗದೆ ಹೋದದ್ದೇ ಅಲ್ಲೂ ಕಾರಣ. ಹಗ್ಗ ತೂಗುಹಾಕೋದು ಸುಲಭ. ಅದನ್ನ ಎಳೆದವನಿಗೆ ಮಾರನೇ ದಿನ ಏನಾಗುತ್ತೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಮತ್ತೆ ನನ್ನ ಕೋಡಿಗೆ ಬರ್ತೀನಿ. ಮಂಗಳವಾರ ನನ್ನ ಮ್ಯಾನೇಜರ್ ಮುಂದೆ ಎರಡು ಬದಲಾವಣೆ ಇಟ್ಟೆ. ಒಂದು, ಸಪ್ಲೈಯರ್ ತಾನಾಗಿ ಹೇಳಿದ ತಪ್ಪಿಗೆ ಬೇರೆ ಕಾಲಮ್ಮು, ಆರಿಸಿದ ಮೇಲೆ ನಿಜವಾಗಿ ಕೆಟ್ಟದ್ದು ಎಷ್ಟೋ ಅಷ್ಟನ್ನೇ ಎಣಿಸೋದು. ಎರಡು, ಬಣ್ಣ ಯಾವುದೇ ಇರಲಿ, ಸಲಹೆಗಳನ್ನ ಮರೆಮಾಡಬಾರದು. ಆತ ಒಳ್ಳೆಯವನೇ, "ಗಿರಾಕಿ ಇದನ್ನ ಕೇಳಿಲ್ವಲ್ಲ" ಅಂದ. "ಹಾಗೆ ಬಿಟ್ಟರೆ ಎಲ್ಲರೂ ತಾವೇ ಹೇಳಿದ್ವಿ ಅಂತ ಶುರು ಮಾಡಿದರೆ?" ಅಂತಲೂ ಕೇಳಿದ. ಒಳ್ಳೇ ಪ್ರಶ್ನೆ. ಎಲ್ಲರೂ ಹೇಳೋಕೆ ಶುರು ಮಾಡಿದರೆ ಅದಕ್ಕಿಂತ ಇನ್ನೇನು ಬೇಕು ಅಂತ ನನಗನ್ನಿಸಿತು. ಆದರೆ ಅದೇ ತಪ್ಪು ಮೂರನೇ ಸಲ ಬಂದರೂ ಮಾಫಿ ಅನ್ನೋ ಹಾಗಿಲ್ಲ, ಅದು ನಿಜ. ಅದಕ್ಕೂ ಒಂದು ನಿಯಮ ಬರೆದೆ. ಒಂದೇ ಕಾರಣ ಮರುಕಳಿಸಿದರೆ ಮಾಮೂಲಿ ಲೆಕ್ಕ.

ಗುರುವಾರ ಗಿರಾಕಿಯ ಕ್ವಾಲಿಟಿ ವಿಭಾಗದವರ ಜೊತೆ ಮೀಟಿಂಗ್ ಆಯ್ತು. ಮೊದಲನೇದಕ್ಕೆ ಅರ್ಧ ಒಪ್ಪಿಗೆ, ಒಂದು ಪ್ಲಾಂಟಿನಲ್ಲಿ ಆರು ತಿಂಗಳು ನೋಡೋಣ ಅಂದರು. ಹಳೇ ತಿಂಗಳಿಗೆ ಅನ್ವಯಿಸೋಲ್ಲವಂತೆ, ಅಂದ್ರೆ ಅಜ್ಜನ ಕೆಂಪು ಕೆಂಪಾಗಿಯೇ ಇರುತ್ತೆ. ಎರಡನೇದಕ್ಕೆ ಮಾತ್ರ ಯಾರೂ ತಕರಾರು ಮಾಡಲಿಲ್ಲ. ಅಲ್ಲೊಂದು ಫಿಲ್ಟರ್ ಇದೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. ಆ ಒಂದು ಸಾಲು ಅಳಿಸೋಕೆ ನನಗೆ ಹಿಡಿದದ್ದು ಅರ್ಧ ನಿಮಿಷ.

ಶುಕ್ರವಾರ ಅಜ್ಜನಿಗೆ ಫೋನ್ ಮಾಡಿ ಇದ್ದದ್ದನ್ನ ಇದ್ದ ಹಾಗೆ ಹೇಳಿದೆ, ಕೆಂಪು ಹೋಗೋಲ್ಲ ಅನ್ನೋದನ್ನೂ ಸೇರಿಸಿ. ಅವರು "ಸರಿ ಬಿಡು, ಹೇಳಿದೆಯಲ್ಲ" ಅಂದರು. ಮುಂದಿನ ಸಲ ಟೂಲ್ ಚಕ್ಕೆ ಎದ್ದರೆ ಮತ್ತೆ ಹೇಳ್ತೀರಾ ಅಂತ ಕೇಳೋಕೆ ನನಗೆ ಧೈರ್ಯ ಬರಲಿಲ್ಲ.

ಸಂಜೆ ಮನೆಗೆ ಹೊರಡೋ ಮುಂಚೆ ಅವರ ಪುಟ ಇನ್ನೊಮ್ಮೆ ತೆರೆದೆ. ಪಿನ್ನಿನ ಚಿತ್ರದ ಫೈಲನ್ನ ತೆರೆದು ನೋಡಿದವರ ಸಂಖ್ಯೆ ಎರಡು ಅಂತ ಇತ್ತು. ಒಂದು ನಾನು. ಇನ್ನೊಂದು ಯಾರೋ ಗೊತ್ತಿಲ್ಲ, ಗಿರಾಕಿಯ ಕಡೆಯ ಇಂಜಿನಿಯರ್ ಇರಬೇಕು. ಅಪ್ಪನಿಗೆ ಹೇಳಿದೆ. "ನಾಲ್ಕು ತಿಂಗಳು ಕಾಯೋಕೆ ಹೇಳು ಅವರಿಗೆ" ಅಂದ್ರು.

ಕಾಯ್ತಿದ್ದೇವೆ. ಏನಾದರೂ ಆದರೆ ಇಲ್ಲೇ ಬರೀತೀನಿ. ಆಗದಿದ್ದರೂ ಬರೀತೀನಿ.